ಷೇರುದಾರರ ಮಾತು ನಡೆಯಿತು

ದಾವಣಗೆರೆಯ ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಇತಿಹಾಸ ಓದುವಾಗಲೂ ಹಣ ಯಾರದು ಎಂದೇ ಮೊದಲು ಹುಡುಕುತ್ತೇನೆ.

1654ರಲ್ಲಿ ಪೋರ್ಚುಗೀಸರು ಬ್ರೆಜಿಲ್‌ನ ರೆಸಿಫೆಯನ್ನು ಡಚ್ಚರಿಂದ ಮರಳಿ ಕಿತ್ತುಕೊಂಡಾಗ ಅಲ್ಲಿನ ಯಹೂದಿಗಳು ಊರು ಬಿಡಬೇಕಾಯಿತು. ಅವರಲ್ಲಿ ಸುಮಾರು 23 ಮಂದಿ ಇಂದಿನ ನ್ಯೂಯಾರ್ಕ್ ಆಗಿರುವ ನ್ಯೂ ಆಮ್‌ಸ್ಟರ್‌ಡ್ಯಾಮ್ ತಲುಪಿದರು. ಇವರನ್ನು ಹೊರಗಟ್ಟುತ್ತೇನೆ ಎಂದು ಅಲ್ಲಿನ ಆಡಳಿತಗಾರ ಪೀಟರ್ ಸ್ಟೈವೆಸೆಂಟ್ ತನ್ನ ಒಡೆಯರಾದ ಡಚ್ ವೆಸ್ಟ್ ಇಂಡಿಯಾ ಕಂಪನಿಗೆ ಬರೆದ. 1655ರಲ್ಲಿ ಬಂದ ಉತ್ತರ: ಇರಲು ಬಿಡು.

ಕರುಣೆಯೇ? ನನಗಂತೂ ಅನುಮಾನ. ಯಹೂದಿಗಳು ಈ ಕಂಪನಿಯ ಷೇರುಗಳಲ್ಲಿ ದೊಡ್ಡ ಬಂಡವಾಳ ಹೂಡಿದ್ದಾರೆ ಎಂದು ಆ ಪತ್ರವೇ ಹೇಳುತ್ತದೆ. ಜೊತೆಗೊಂದು ಷರತ್ತು: ಅವರಲ್ಲಿನ ಬಡವರ ಭಾರ ಕಂಪನಿಯ ಮೇಲೆ ಬೀಳಬಾರದು, ಅವರ ಜನರೇ ನೋಡಿಕೊಳ್ಳಬೇಕು. (ನಮ್ಮ ಹಳೆಯ ಯಜಮಾನರ ಪತ್ರಗಳ ಧಾಟಿಯೂ ಇದೇ!)

ಹೀಗೆ ಉಳಿದವರಿಂದ ಬೆಳೆದದ್ದು ಶೇರಿತ್ ಇಸ್ರೇಲ್ ಎಂಬ ಯಹೂದಿ ಧಾರ್ಮಿಕ ಸಭೆ. ಸ್ವಂತ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಕೊಳ್ಳಲು 1730 ಆಗಬೇಕಾಯಿತು. ಅದಕ್ಕೆ ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ಯಹೂದಿಗಳೂ ದೇಣಿಗೆ ಕಳುಹಿಸಿದರು. ಆ ದ್ವೀಪದವರು 1732ರಲ್ಲಿ ತಮಗಾಗಿ ಕಟ್ಟಿಕೊಂಡ ಸಿನಗಾಗ್‌ನ ನೆಲಕ್ಕೆ ಇಂದಿಗೂ ಮರಳನ್ನೇ ಹಾಸುತ್ತಾರೆ.