ಸೆಪ್ಟಿಕ್ ಶಾಕ್: ಬೆರಳ ತುದಿ ನೋಡಿ ಚಿಕಿತ್ಸೆ

ಸೆಪ್ಟಿಕ್ ಶಾಕ್ (ತೀವ್ರ ಸೋಂಕಿನಿಂದ ರಕ್ತದೊತ್ತಡ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಆದ ರೋಗಿಗೆ ಇನ್ನೂ ಎಷ್ಟು ಸಲೈನ್ ಕೊಡಬೇಕು? ಬಹಳ ಕಡೆ ಲ್ಯಾಕ್ಟೇಟ್ (ರಕ್ತಸಂಚಾರ ಸಾಲದಾದಾಗ ರಕ್ತದಲ್ಲಿ ಏರುವ ಒಂದು ವಸ್ತು) ನೋಡಿ ನಿರ್ಧರಿಸುತ್ತಾರೆ. ಆದರೆ ರಕ್ತಸಂಚಾರ ಸರಿಹೋದ ಮೇಲೂ ಲ್ಯಾಕ್ಟೇಟ್ ಇಳಿಯುವುದು ನಿಧಾನ. ಯಕೃತ್ತು ಸೋತಿದ್ದರೆ ಇನ್ನೂ ನಿಧಾನ. ಆ ಅಂಕಿಯ ಬೆನ್ನು ಹತ್ತಿ ಸಲೈನ್ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ.

2019ರ ಆಂಡ್ರೋಮಿಡಾ-ಶಾಕ್ ಅಧ್ಯಯನ ಲ್ಯಾಟಿನ್ ಅಮೆರಿಕದ 424 ರೋಗಿಗಳಲ್ಲಿ ಇದಕ್ಕೊಂದು ಪರ್ಯಾಯ ಪರೀಕ್ಷಿಸಿತು: ಕ್ಯಾಪಿಲರಿ ರೀಫಿಲ್, ಅಂದರೆ ಒತ್ತಿ ಬಿಟ್ಟ ಚರ್ಮಕ್ಕೆ ರಕ್ತ ಮರಳಲು ಹಿಡಿಯುವ ಸಮಯ. ಬಲಗೈ ತೋರುಬೆರಳ ತುದಿಯ ಒಳಭಾಗದ ಮೇಲೆ ಗಾಜಿನ ಸ್ಲೈಡ್ ಇಟ್ಟು, ಚರ್ಮ ಬಿಳಿಚುವವರೆಗೆ ಒತ್ತಿ, 10 ಸೆಕೆಂಡ್ ಹಿಡಿದು ಬಿಡಬೇಕು. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚಾದರೆ ಅಸಹಜ. ಅರ್ಧ ಗಂಟೆಗೊಮ್ಮೆ ನೋಡುವುದು. ಸರಿಯಾದೊಡನೆ ಹೆಚ್ಚುವರಿ ಸಲೈನ್ ನಿಲ್ಲಿಸುವುದು.

28 ದಿನಗಳೊಳಗಿನ ಸಾವು ಈ ಗುಂಪಿನಲ್ಲಿ ಶೇ. 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4. ವ್ಯತ್ಯಾಸ ದೊಡ್ಡದೆನಿಸಿದರೂ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ, ಅಂದರೆ ಆಕಸ್ಮಿಕವೂ ಇರಬಹುದು. 2025ರ ಎರಡನೇ ಅಧ್ಯಯನ ಸುಮಾರು 1,500 ರೋಗಿಗಳದ್ದು. ಅಲ್ಲಿ ಹೋಲಿಕೆ ಮಾಮೂಲಿ ಚಿಕಿತ್ಸೆಯ ಜೊತೆ; ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಲಾಭ ಸಿಕ್ಕಿದ್ದು ವೆಂಟಿಲೇಟರ್, ಡಯಾಲಿಸಿಸ್, ರಕ್ತದೊತ್ತಡದ ಔಷಧಿಗಳ ಅವಲಂಬನೆ ಬೇಗ ಮುಗಿದದ್ದರಲ್ಲಿ. ನನ್ನ ಪ್ರಕಾರ ಇದೇನು ಸಣ್ಣ ಲಾಭವಲ್ಲ.

ಎಡವುವುದು ಒತ್ತುವ ಕೈಯಲ್ಲಿ. ಒಬ್ಬರು 3 ಸೆಕೆಂಡ್ ಒತ್ತಿ, ಮುಂದಿನ ಪಾಳಿಯವರು 10 ಸೆಕೆಂಡ್ ಒತ್ತಿದರೆ ಹೋಲಿಕೆಗೆ ಅರ್ಥವಿಲ್ಲ. ಏಸಿ ಗಾಳಿಗೆ ತಣ್ಣಗಾದ ಬೆರಳು ಸುಳ್ಳು ಹೇಳುತ್ತದೆ. ಮಂದ ಬೆಳಕಲ್ಲಿ, ಕಪ್ಪು ಚರ್ಮದಲ್ಲಿ ಬಿಳಿಚುವುದು ಗುರುತಿಸುವುದು ಕಷ್ಟ. ಟಾರ್ಚ್ ಮತ್ತು ಸ್ಟಾಪ್‌ವಾಚ್ ಹಾಸಿಗೆ ಪಕ್ಕದಲ್ಲೇ ಇರಲಿ.