ಸುಳ್ಳು ಅಂತ ಗೊತ್ತಿದ್ದೂ ಯಾಕೆ ನೋಡ್ತೀಯ?

ಮನೆಗೆ ಬರುವ ನೆಂಟರು, ಆಫೀಸಿನ ಗೆಳೆಯರು, ಈಗೀಗ ಅಕ್ಕನ ಮಗ. ನಾನು ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನ ಹಳೇ ಪಂದ್ಯ ಹಾಕಿಕೊಂಡು ಕೂತಿದ್ದು ಕಂಡರೆ ಎಲ್ಲರೂ ಕೇಳುವುದು ಒಂದೇ. "ಅದೆಲ್ಲಾ ಸುಳ್ಳು ಅಲ್ವಾ? ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ. ಗೊತ್ತಿದ್ದೂ ಯಾಕೆ ನೋಡ್ತೀಯ?"

ಹೌದು, ಮೊದಲೇ ಮಾತಾಡಿಕೊಂಡಿರುತ್ತಾರೆ. ಅಲ್ಲ ಎಂದು ನಾನು ಯಾವತ್ತೂ ವಾದ ಮಾಡಿಲ್ಲ. ಆದರೆ ಒಂದು ಪಂದ್ಯದ ಕಥೆ ಹೇಳದೆ ಬಿಡುವುದೂ ಇಲ್ಲ. 1997ರ ನವೆಂಬರ್ 9ರ ರಾತ್ರಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಸರ್ವೈವರ್ ಸೀರೀಸ್ ಶೋದ ಕೊನೆಯ ಪಂದ್ಯ. ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕೆಲ್ಸ್ ನಡುವಿನದು.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಆಗ ನಮ್ಮ ಜೇಬಿನಲ್ಲಿ ಯಾವಾಗಲೂ ಒಂದು ಕಟ್ಟು ಟ್ರಂಪ್ ಕಾರ್ಡ್ ಇರುತ್ತಿತ್ತು. ಒಬ್ಬೊಬ್ಬ ಪೈಲ್ವಾನನ ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಪಂದ್ಯ, ಗೆದ್ದ ಪಂದ್ಯ. ಆ ಅಂಕಿಗಳನ್ನು ಯಾರು ಬರೆದರು, ಯಾವ ಲೆಕ್ಕದಲ್ಲಿ ಬರೆದರು ಎಂದು ನಾವು ಕೇಳಲಿಲ್ಲ. ಅಂಡರ್‌ಟೇಕರ್ ಏಳು ಸಲ ಸತ್ತು ಎದ್ದು ಬಂದವನು ಎಂದು ಪಕ್ಕದ ಬೆಂಚಿನವನು ಹೇಳಿದಾಗ ಅದನ್ನೂ ನಂಬಿದೆವು. ನಂಬದವರು ನಮ್ಮ ಅಜ್ಜ ಒಬ್ಬರೇ. ಅವರು ಗರಡಿ ಮನೆಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ಟಿ.ವಿ. ಮುಂದೆ ಎರಡು ನಿಮಿಷ ನಿಂತು, "ಬೆನ್ನಿಗೆ ಮಣ್ಣು ಹತ್ತಂಗಿಲ್ಲ, ಏನೂ ಇಲ್ಲ. ಇದು ಯಾವ ಕುಸ್ತಿನಲೇ?" ಎಂದು ಹೋಗಿಬಿಡುತ್ತಿದ್ದರು. ಒಂದು ಸಲ ಮಾತ್ರ ತಾವಾಗಿಯೇ ಬಾಯಿಬಿಟ್ಟರು. ತಮ್ಮ ಕಾಲದ ಜಾತ್ರೆ ಕುಸ್ತಿಯಲ್ಲೂ ಕೆಲವು ಜೋಡಿಗಳು 'ಸಮ ಮಾಡ್ಕೊಂಡು ಎದ್ದುಬಿಡೋಣ' ಎಂದು ಒಳಗೊಳಗೇ ಮಾತಾಡಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದರಂತೆ. ಅಜ್ಜನಿಗೆ ಅದರ ಬಗ್ಗೆ ಅಷ್ಟೇನೂ ಬೇಸರ ಇರಲಿಲ್ಲ. "ಆದ್ರ ಮಾತಾಡ್ಕೊಂಡ ಮ್ಯಾಲೆ ಒಬ್ಬ ಎತ್ತಿ ಒಗದ ಅಂದ್ರ, ಅವ್ನು ಪೈಲ್ವಾನ ಅಲ್ಲ" ಎಂದಿದ್ದರು. ಮಾಂಟ್ರಿಯಲ್ ಕಥೆ ಪೂರ್ತಿ ತಿಳಿದ ದಿನ ನನಗೆ ಮೊದಲು ನೆನಪಾದದ್ದು ಈ ಮಾತು.

ಸರ್ವೈವರ್ ಸೀರೀಸ್‌ನಂಥ ಶೋಗಳಿಗೆ ಪೇ ಪರ್ ವ್ಯೂ ಎನ್ನುತ್ತಾರೆ. ವಾರವಾರ ಮಾಮೂಲಿ ಚಾನೆಲ್‌ನಲ್ಲಿ ಜಗಳ ಬೆಳೆಸುತ್ತಾ ಹೋಗುವುದು, ಅದರ ತೀರ್ಮಾನ ನೋಡಬೇಕಾದರೆ ಬೇರೆ ದುಡ್ಡು ಕಟ್ಟಿಸಿಕೊಳ್ಳುವುದು. ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ ಹೊಟ್ಟೆ ತುಂಬುತ್ತಿದ್ದದ್ದೇ ಇದರಿಂದ. ಆದರೆ 1997ರಲ್ಲಿ ಆ ಹೊಟ್ಟೆ ಸರಿಯಾಗಿ ತುಂಬುತ್ತಿರಲಿಲ್ಲ. ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂ ಸೋಮವಾರ ರಾತ್ರಿ ಅದೇ ಹೊತ್ತಿಗೆ ತನ್ನ ಶೋ ಹಾಕುತ್ತಿತ್ತು. 1996ರ ಮಧ್ಯದಿಂದ ಶುರುವಾಗಿ ಒಟ್ಟು 83 ವಾರ ರೇಟಿಂಗ್‌ನಲ್ಲಿ ಅದರದೇ ಮೇಲುಗೈ.

ಬ್ರೆಟ್ ಹಾರ್ಟ್ ಕೆನಡಾದ ಕ್ಯಾಲ್ಗರಿ ಊರಿನವನು. ಅಪ್ಪ ಸ್ಟೂ ಹಾರ್ಟ್ ಮನೆಯ ನೆಲಮಾಳಿಗೆಯಲ್ಲೇ ಗರಡಿ ನಡೆಸುತ್ತಿದ್ದ. ಅದಕ್ಕೆ ಡಂಜನ್ ಎಂದು ಹೆಸರು. ಗಂಡುಮಕ್ಕಳೆಲ್ಲ ಇದೇ ಕಸುಬಿಗೆ ಬಂದರು, ಅಳಿಯಂದಿರೂ ಪೈಲ್ವಾನರೇ. 1996ರಲ್ಲಿ ಡಬ್ಲ್ಯೂಸಿಡಬ್ಲ್ಯೂ ದೊಡ್ಡ ಮೊತ್ತ ತೋರಿಸಿ ಕರೆದರೂ ಬ್ರೆಟ್ ಹೋಗಲಿಲ್ಲ. ಡಬ್ಲ್ಯೂಡಬ್ಲ್ಯೂಎಫ್ ಮಾಲೀಕ ವಿನ್ಸ್ ಮೆಕ್‌ಮಹನ್ ಕೊಟ್ಟ 20 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. ಒಂದು ವರ್ಷ ಆಗುವುದರೊಳಗೆ ಅದೇ ವಿನ್ಸ್ ಬಂದು, ನಿನಗೆ ಅಷ್ಟು ಕೊಡುವುದು ನನ್ನಿಂದ ಆಗುವುದಿಲ್ಲ, ಬೇಕಾದರೆ ಆ ಕಡೆ ಮಾತಾಡಿಕೋ ಎಂದ. ಬ್ರೆಟ್ ಮಾತಾಡಿಕೊಂಡ. ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್.

ತೊಂದರೆ ಏನೆಂದರೆ, ಆಗ ಚಾಂಪಿಯನ್ ಬೆಲ್ಟ್ ಬ್ರೆಟ್ ಸೊಂಟದಲ್ಲೇ ಇತ್ತು. ಎರಡು ವರ್ಷದ ಹಿಂದೆ, 1995ರ ಡಿಸೆಂಬರಿನಲ್ಲಿ, ಮಡೂಸಾ ಎಂಬ ಮಹಿಳಾ ಚಾಂಪಿಯನ್ ಕಂಪನಿ ಬದಲಿಸಿ, ಡಬ್ಲ್ಯೂಡಬ್ಲ್ಯೂಎಫ್ ಬೆಲ್ಟನ್ನು ಎದುರಾಳಿ ಟಿ.ವಿ. ಶೋದಲ್ಲೇ ಕಸದ ಡಬ್ಬಿಗೆ ಹಾಕಿದ್ದಳು. ವಿನ್ಸ್‌ಗೆ ಆ ಹೆದರಿಕೆ ಹೋಗಿರಲಿಲ್ಲ. ಬ್ರೆಟ್ ಹೊರಡುವ ಮುಂಚೆ ಸೋಲಲೇಬೇಕು. ಮಾಂಟ್ರಿಯಲ್‌ನಲ್ಲೇ, ಶಾನ್ ಮೈಕೆಲ್ಸ್‌ಗೇ ಸೋಲಬೇಕು.

ಬ್ರೆಟ್ ಆಗುವುದಿಲ್ಲ ಎಂದ.

ನನ್ನ ಉತ್ತರ ಇರುವುದು ಇಲ್ಲೇ. ಪಂದ್ಯ ಸುಳ್ಳು, ಬೆಲ್ಟ್ ಕಂಪನಿಯ ಆಸ್ತಿ, ಸೋಲು ಕಾಗದದ ಮೇಲಿನ ಸೋಲು. ಬ್ಯಾಂಕಿಗೆ ಬರುವ ದುಡ್ಡಿನಲ್ಲಿ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಮತ್ತೆ ನಲವತ್ತು ವರ್ಷದ ಆ ಮನುಷ್ಯ ಒಂದು ಸುಳ್ಳು ಸೋಲಿಗೆ ಯಾಕೆ ಅಷ್ಟು ಹಠ ಹಿಡಿದ?

ಆ ವರ್ಷ ಪೂರ್ತಿ ಬ್ರೆಟ್ ಅಮೆರಿಕದಲ್ಲಿ ಖಳನಾಯಕ, ಕೆನಡಾದಲ್ಲಿ ಹೀರೋ. ಕಥೆಯನ್ನು ಹಾಗೆ ಕಟ್ಟಿದ್ದು ಕಂಪನಿಯೇ. ಆದರೆ ಕೆನಡಾದ ಜನ ಬಾವುಟ ಹಿಡಿದು ಬಂದಾಗ ಅವರೇನು ನಟಿಸುತ್ತಿರಲಿಲ್ಲ. ಶಾನ್ ಜೊತೆಗಿನ ಜಗಳವೂ ಅಷ್ಟೇ. ಟಿ.ವಿ.ಯಲ್ಲಿ ಶುರುವಾಗಿ, ಅದೇ ಬೇಸಿಗೆಯಲ್ಲಿ ತೆರೆಯ ಹಿಂದೆ ಜುಟ್ಟು ಹಿಡಿದು ಹೊಡೆದಾಡುವವರೆಗೆ ಹೋಗಿತ್ತು. ಬೇರೆ ಯಾರಿಗೆ ಬೇಕಾದರೂ ಸೋಲುತ್ತೇನೆ, ನನ್ನ ದೇಶದಲ್ಲಿ ಇವನಿಗೆ ಮಾತ್ರ ಬೇಡ ಎನ್ನುವುದು ಬ್ರೆಟ್ ಪಟ್ಟು. ಕೊನೆಯ 30 ದಿನ ತನ್ನ ಪಾತ್ರದ ವಿಷಯದಲ್ಲಿ ತನ್ನ ಮಾತೂ ನಡೆಯಬೇಕು ಎಂಬ ಷರತ್ತು ಒಪ್ಪಂದದಲ್ಲೇ ಇತ್ತು.

ಸುಮ್ನೆ ಬ್ರೆಟ್ ಪರ ಮಾತಾಡುತ್ತಿದ್ದೇನೆ ಅನ್ನಬೇಡಿ. ತನ್ನ ಪಾತ್ರವನ್ನು ತಾನೇ ಸ್ವಲ್ಪ ಜಾಸ್ತಿ ನಂಬಿಬಿಟ್ಟಿದ್ದ ಎಂದು ನನಗೂ ಅನ್ನಿಸುತ್ತದೆ. ಆದರೆ ನನಗೆ ಅವನು ಇಷ್ಟವಾಗುವುದೂ ಅದಕ್ಕೇ.

ಪಂದ್ಯದ ದಿನ ಒಂದು ರಾಜಿ ಆಯಿತು. ಎರಡೂ ಕಡೆಯವರು ನುಗ್ಗಿ ಗಲಾಟೆ ಮಾಡುವುದು, ಪಂದ್ಯ ರದ್ದು, ಬೆಲ್ಟ್ ಬ್ರೆಟ್ ಬಳಿಯೇ. ಆಮೇಲೆ ಅವನೇ ಗೌರವದಿಂದ ಬಿಟ್ಟುಕೊಡುವುದು. ವಿನ್ಸ್ ಇದಕ್ಕೆ ಹೂಂ ಎಂದದ್ದು ಗಾಳಿಮಾತಲ್ಲ. ಆಗ ಬ್ರೆಟ್ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ಅವನ ಮೈಮೇಲಿದ್ದ ಮೈಕಿನಲ್ಲಿ ಆ ಮಾತುಕತೆ ರೆಕಾರ್ಡ್ ಆಗಿದೆ. ಮೋಸ ಆಗಬಹುದು, ಹುಷಾರು ಎಂದು ಜೊತೆಯವರು ಎಚ್ಚರಿಸಿದ್ದರು. ಬ್ರೆಟ್ ರೆಫರಿ ಅರ್ಲ್ ಹೆಬ್ನರ್‌ನನ್ನು ಕೇಳಿದ. ನನ್ನ ಮಕ್ಕಳಾಣೆ ನಾನು ಹಾಗೆ ಮಾಡುವುದಿಲ್ಲ ಎಂದು ಅವನು ಹೇಳಿದ ಎನ್ನುವುದು ಬ್ರೆಟ್ ಮಾತು.

ಪಂದ್ಯ ಶುರುವಾಗಿ ಹನ್ನೆರಡು ನಿಮಿಷ ಆಗಿತ್ತು. ಬ್ರೆಟ್‌ನ ಹೆಸರುವಾಸಿ ಪಟ್ಟು ಶಾರ್ಪ್‌ಶೂಟರ್. ಎದುರಾಳಿಯ ಎರಡೂ ಕಾಲು ಹೆಣೆದು, ಅವನನ್ನು ಬೋರಲು ತಿರುಗಿಸಿ, ಬೆನ್ನ ಮೇಲೆ ಕೂರುವ ಹಾಗೆ ಬಾಗುವುದು. ಮಾತಾಡಿಕೊಂಡಿದ್ದ ಪ್ರಕಾರ ಶಾನ್ ಆ ಪಟ್ಟನ್ನು ಬ್ರೆಟ್ ಮೇಲೆಯೇ ಹಾಕಬೇಕು, ಬ್ರೆಟ್ ಬಿಡಿಸಿಕೊಳ್ಳಬೇಕು. ಬ್ರೆಟ್ ತನ್ನ ಕಾಲುಗಳನ್ನು ತಾನೇ ಶಾನ್ ಕೈಗೆ ಕೊಟ್ಟ. ಅಷ್ಟರಲ್ಲಿ ರಿಂಗ್ ಪಕ್ಕ ನಿಂತಿದ್ದ ವಿನ್ಸ್ "ಗಂಟೆ ಬಾರಿಸು" ಎಂದು ಕಿರುಚಿದ. ಗಂಟೆ ಬಾರಿಸಿತು, ಅಂದರೆ ಪಂದ್ಯ ಮುಗಿಯಿತು. ಬ್ರೆಟ್ ಸೋತೆ ಎಂದಿರಲಿಲ್ಲ. ಗೆದ್ದವನು ಶಾನ್ ಎಂದು ಅವನ ಹಾಡು ಬಂತು. ಹೆಬ್ನರ್ ರಿಂಗಿನಿಂದ ಇಳಿದು ಓಡಿದವನು ಹೊರಗೆ ಕಾಯುತ್ತಿದ್ದ ಕಾರು ಹತ್ತಿಯೇ ಬಿಟ್ಟ. ಶಾನ್ ತನಗೂ ಏನೂ ಗೊತ್ತಿಲ್ಲದವನ ಹಾಗೆ ಸಿಟ್ಟು ತೋರಿಸುತ್ತಾ ಬೆಲ್ಟ್ ಎತ್ತಿಕೊಂಡು ಹೋದ. ತನಗೆ ಎಲ್ಲ ಗೊತ್ತಿತ್ತು ಎಂದು ಅವನು ಒಪ್ಪಿಕೊಂಡದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ಕಡೆ ಇದಕ್ಕೆ ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರೆ.

ಬ್ರೆಟ್ ಎದ್ದು ನೋಡಿದ. ವಿನ್ಸ್ ಮುಖಕ್ಕೆ ನೇರವಾಗಿ ಉಗಿದ. ಟಿ.ವಿ.ಯಲ್ಲಿ ಪ್ರಸಾರ ಬೇಗ ಮುಗಿದುಹೋಯಿತು. ಕಟ್ಟಡದಲ್ಲಿದ್ದವರು ನೋಡಿದ್ದು ಅದರ ಮುಂದಿನದನ್ನು. ಅವನು ಮಾನಿಟರ್‌ಗಳನ್ನು ಒಡೆದು ಹಾಕಿದ, ಆಮೇಲೆ ಜನರ ಕಡೆ ತಿರುಗಿ ಗಾಳಿಯಲ್ಲಿ ಬೆರಳಿನಿಂದ ಮೂರು ಅಕ್ಷರ ಬರೆದ. ಡಬ್ಲ್ಯೂ, ಸಿ, ಡಬ್ಲ್ಯೂ. ಒಳಗೆ ಡ್ರೆಸಿಂಗ್ ರೂಮಿನಲ್ಲಿ ವಿನ್ಸ್ ಎದುರಾದಾಗ ಒಂದೇ ಗುದ್ದು. ಮುಂದಿನ ವಾರಗಳಲ್ಲಿ ಪ್ರಸಾರವಾದ ಸಂದರ್ಶನದಲ್ಲಿ ವಿನ್ಸ್ ಕಣ್ಣಿನ ಸುತ್ತ ಕಪ್ಪು ಹಾಗೇ ಇತ್ತು. ಅದೇ ಕಣ್ಣಿಟ್ಟುಕೊಂಡು, ಬ್ರೆಟ್‌ಗೆ ಮೋಸ ಮಾಡಿದ್ದು ಬ್ರೆಟ್ಟೇ ಎಂದುಬಿಟ್ಟ.

ತಮಾಷೆ ಏನು ಗೊತ್ತಾ? ಅಲ್ಲಿಯವರೆಗೆ ಹೆಚ್ಚಿನ ಜನಕ್ಕೆ ವಿನ್ಸ್ ಎಂದರೆ ಕಾಮೆಂಟರಿ ಹೇಳುವ ಕೋಟುಧಾರಿ, ಅಷ್ಟೇ. ನಮಗಂತೂ ಅವನು ಮಾಲೀಕ ಎಂದೇ ಗೊತ್ತಿರಲಿಲ್ಲ. ಮಾಂಟ್ರಿಯಲ್ ಆದ ಮೇಲೆ ಜನ ಅವನನ್ನು ನಿಜವಾಗಿ ದ್ವೇಷಿಸಿದರು. ಅವನು ಆ ದ್ವೇಷವನ್ನೂ ಬಂಡವಾಳ ಮಾಡಿಕೊಂಡ. ಮಿಸ್ಟರ್ ಮೆಕ್‌ಮಹನ್ ಎಂಬ ಕೆಟ್ಟ ಮಾಲೀಕನ ಪಾತ್ರ ಹುಟ್ಟಿತು. ಮಾಲೀಕನನ್ನೇ ಬಡಿಯುವ ನೌಕರನಾಗಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಎದ್ದು ನಿಂತ. 1998ರ ಏಪ್ರಿಲ್‌ನಲ್ಲಿ ಆ 83 ವಾರಗಳ ಸರಣಿ ಮುರಿಯಿತು. 2001ರಲ್ಲಿ ವಿನ್ಸ್ ಎದುರಾಳಿ ಕಂಪನಿಯನ್ನೇ ಕೊಂಡುಕೊಂಡ. ಇದೆಲ್ಲಾ ಮೊದಲೇ ಬರೆದಿಟ್ಟ ನಾಟಕ, ಬ್ರೆಟ್ ಕೂಡ ಅದರಲ್ಲಿ ಭಾಗಿ ಎನ್ನುವವರು ಇವತ್ತಿಗೂ ಇದ್ದಾರೆ. ಸುಳ್ಳು ಎಂದು ಗೊತ್ತಿರುವ ಜಾಗದಲ್ಲಿ ನಿಜ ನಡೆದರೆ ಅದನ್ನೂ ಯಾರೂ ನಂಬುವುದಿಲ್ಲ.

ನನ್ನ ಭಾವನ ವಾದ ಬೇರೆ. "ಹೊಡೆತನೂ ಸುಳ್ಳೇ ಅಲ್ವೇನೋ?" ಹೊಡೆತ ಸುಳ್ಳಾಗಿರಲಿ ಎಂದೇ ಇಬ್ಬರೂ ಬೆವರು ಸುರಿಸುತ್ತಾರೆ. ಒಬ್ಬ ತನ್ನ ಕತ್ತನ್ನು ಇನ್ನೊಬ್ಬನ ತೊಡೆ ಸಂದಿಗೆ ಕೊಟ್ಟು ತಲೆಕೆಳಗಾಗಿ ತೂಗುತ್ತಾನೆ. ಕೆಳಗೆ ಇಳಿಸುವವನ ಲೆಕ್ಕ ಒಂದೆರಡು ಇಂಚು ತಪ್ಪಿದರೂ ಮುಗಿಯಿತು. ಅದೇ 1997ರ ಆಗಸ್ಟ್ 3ರಂದು ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಲೆಕ್ಕ ತಪ್ಪಿದ. ಸ್ಟೀವ್ ಆಸ್ಟಿನ್ ಕತ್ತಿಗೆ ಜೋರು ಪೆಟ್ಟು ಬಿದ್ದು, ಸ್ವಲ್ಪ ಹೊತ್ತು ಕೈಕಾಲು ಆಡಿಸಲೂ ಆಗಲಿಲ್ಲ. ಬ್ರೆಟ್ ಆ ಬೆಲ್ಟ್ ಗೆದ್ದದ್ದೂ ಅದೇ ರಾತ್ರಿ.

ಓವನ್ ಕಥೆಯನ್ನು ಉದ್ದ ಮಾಡುವುದಿಲ್ಲ. 1999ರ ಮೇ 23, ಕಾನ್ಸಸ್ ಸಿಟಿ, ಅದೂ ಒಂದು ಪೇ ಪರ್ ವ್ಯೂ. ಚಾವಣಿಯಿಂದ ಹಗ್ಗದಲ್ಲಿ ರಿಂಗಿಗೆ ಇಳಿಯುವ ತಮಾಷೆಯ ದೃಶ್ಯ. ಕೊಂಡಿ ಬಿಟ್ಟುಕೊಂಡಿತು. ಮೇಲಿಂದ ಬಿದ್ದು ಸತ್ತ. ಶೋ ಮುಂದುವರಿಯಿತು. ಅದನ್ನು ಮಾತ್ರ ನಾನು ಮತ್ತೆ ಹಾಕಿಕೊಂಡು ನೋಡಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಬ್ರೆಟ್ ತಲೆಗೆ ಎದುರಾಳಿಯ ಒದೆ ಬಿತ್ತು. ಅದೂ ಬರೆದಿಟ್ಟ ಒದೆಯೇ. ಮಿದುಳಿಗೆ ಪೆಟ್ಟಾಗಿ ಮಾರನೆಯ ವರ್ಷ ಕುಸ್ತಿಯೇ ಬಿಡಬೇಕಾಯಿತು. 2002ರಲ್ಲಿ ಪಾರ್ಶ್ವವಾಯುವೂ ಹೊಡೆಯಿತು.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬಂದಿದ್ದ. ಮಾಂಟ್ರಿಯಲ್ ಪಂದ್ಯ ಪೂರ್ತಿ ತೋರಿಸಿ, 2010ರ ಜನವರಿ 4ರ ಶೋ ಹಾಕಿದೆ. ಹನ್ನೆರಡು ವರ್ಷದ ಮೇಲೆ ಬ್ರೆಟ್ ಅದೇ ಕಂಪನಿಯ ರಿಂಗಿಗೆ ಬರುತ್ತಾನೆ. ಶಾನ್‌ನನ್ನು ಕರೆಯುತ್ತಾನೆ. ಇಬ್ಬರೂ ಮಾತಾಡುತ್ತಾರೆ, ಕೈ ಕುಲುಕುತ್ತಾರೆ, ಅಪ್ಪಿಕೊಳ್ಳುತ್ತಾರೆ. ಅದೇ ಶೋದ ಕೊನೆಗೆ ವಿನ್ಸ್ ಬರುತ್ತಾನೆ. ಅವನೂ ಕೈ ಕೊಡುತ್ತಾನೆ. ಮರುಕ್ಷಣವೇ ಬ್ರೆಟ್‌ಗೆ ಒದೆಯುತ್ತಾನೆ.

"ಮಾಮಾ, ಒದ್ದಿದ್ದು ಸ್ಕ್ರಿಪ್ಟ್ ಅಲ್ವಾ?"

"ಹೂಂ."

"ಅಪ್ಕೊಂಡಿದ್ದು?"

ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದೆ. ಇಬ್ಬರೂ ಇನ್ನೊಮ್ಮೆ ಅವರ ಮುಖ ನೋಡುತ್ತಾ ಕೂತೆವು.