ಹ್ಯಾಲೋವೀನ್ ದೆವ್ವಕ್ಕೆ ಯಾವ ಮೋಟರು?

ಅಕ್ಟೋಬರ್ ಬಂತೆಂದರೆ ಅಮೆರಿಕದ ಬಡಾವಣೆಗಳಲ್ಲಿ ಮನೆ ಮುಂದಿನ ಹುಲ್ಲಿನ ಮೇಲೆ ಗೋರಿಕಲ್ಲು, ಅಸ್ಥಿಪಂಜರಗಳು ಏಳತೊಡಗುತ್ತವೆ. 31ರ ಹ್ಯಾಲೋವೀನ್ ಸಂಜೆ ವೇಷ ಹಾಕಿದ ಮಕ್ಕಳು ಮಿಠಾಯಿ ಕೇಳಿಕೊಂಡು ಬರುವ ಎರಡು ಮೂರು ಗಂಟೆಗಾಗಿ ಇಷ್ಟೆಲ್ಲ ಸಡಗರ. 2020ರಲ್ಲಿ ಹೋಮ್ ಡಿಪೋ ಎಂಬ ಅಂಗಡಿ ಸರಣಿ 12 ಅಡಿಯ ಅಸ್ಥಿಪಂಜರವನ್ನು 299 ಡಾಲರಿಗೆ ಮಾರಾಟಕ್ಕಿಟ್ಟ ಮೇಲೆ ಎತ್ತರದ ಪೈಪೋಟಿಯೂ ಸೇರಿಕೊಂಡಿದೆ. ಆದರೆ ಮಕ್ಕಳು ನಿಂತು ನೋಡುವುದು ಅಲುಗಾಡುವ ಗೊಂಬೆಯನ್ನು. ಅದನ್ನು ಮನೆಯಲ್ಲೇ ಮಾಡಹೊರಟವರು ಎಡವುವುದು ಬಹುತೇಕ ಮೋಟರಿನ ಆಯ್ಕೆಯಲ್ಲೇ.

ಆಟಿಕೆ ಕಾರಿನ ಹಳದಿ ಗೇರ್ ಮೋಟರು ಅಗ್ಗ, ಹಾಗಾಗಿ ಎಲ್ಲರ ಕೈ ಮೊದಲು ಅದಕ್ಕೇ ಹೋಗುತ್ತದೆ. 6 ವೋಲ್ಟಿಗೆ ಅದು ನಿಮಿಷಕ್ಕೆ ಸುಮಾರು 200 ಸುತ್ತು ಹೊಡೆಯುತ್ತದೆ. ಅದಕ್ಕೆ ಕಟ್ಟಿದ ದೆವ್ವ ಚಳಿಜ್ವರ ಬಂದವರಂತೆ ನಡುಗುತ್ತದೆಯೇ ಹೊರತು ಹೆದರಿಸುವುದಿಲ್ಲ. ತಲೆ ತಿರುಗಬೇಕಾದರೆ ನಿಮಿಷಕ್ಕೆ 3ರಿಂದ 6 ಸುತ್ತು ಸಾಕು. ಗೋರಿಯಿಂದ ಮೇಲೇಳಲು, ರೆಕ್ಕೆ ಬಡಿಯಲು 15–20. ಶವಪೆಟ್ಟಿಗೆಯ ಮುಚ್ಚಳ ದಡಬಡ ಎನ್ನಬೇಕಾದರೆ ಮಾತ್ರ 40–50. ವೇಗ ನಿರ್ಧಾರವಾದ ಮೇಲೆ ಭಾರದ ಲೆಕ್ಕ: ಅರ್ಧ ಕೆ.ಜಿ. ತೂಕದ ಕೈಯ ಭಾರ ಭುಜದಿಂದ 30 ಸೆಂ.ಮೀ. ದೂರದಲ್ಲಿದ್ದರೆ, ಕೈ ಅಡ್ಡ ಚಾಚಿದಾಗ ಬೇಕಾಗುವ ತಿರುಚುಬಲ (ಟಾರ್ಕ್) 0.5 × 30 = 15 ಕೆ.ಜಿ.-ಸೆಂ.ಮೀ. ಇದರ ಎರಡರಷ್ಟು ಬಲದ ಮೋಟರನ್ನೇ ಹುಡುಕಿ. ಇಲ್ಲವೇ ಭುಜದ ಹಿಂಬದಿಗೆ ಒಂದು ಪ್ರತಿತೂಕ ಕಟ್ಟಿ, ಕೆಲಸ ಅರ್ಧ ಹಗುರವಾಗುತ್ತದೆ.

ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟರು ಹಗುರ ಕೆಲಸಕ್ಕೆ ಒಳ್ಳೆಯದು. ತಲೆಬುರುಡೆ ತಿರುಗಿಸಲು ಸಾಕು. ಅದರ ಮೇಲೆ ಸಾಮಾನ್ಯವಾಗಿ 2.5/3 ಸುತ್ತು, 50/60 ಹರ್ಟ್ಜ್ ಎಂದು ಬರೆದಿರುತ್ತದೆ. ಅಂದರೆ 50 ಹರ್ಟ್ಜಿನ ವಿದ್ಯುತ್ತಿಗೆ ನಿಮಿಷಕ್ಕೆ 2.5 ಸುತ್ತು, 60 ಹರ್ಟ್ಜಿಗೆ 3. ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುವುದರಿಂದ ಡಿಮ್ಮರ್ ಹಾಕಿ ನಿಧಾನ ಮಾಡಲಾಗದು. ಯಾವ ದಿಕ್ಕಿಗೆ ತಿರುಗಲು ಶುರುಮಾಡುತ್ತದೆ ಎಂಬುದೂ ಅದರ ಮರ್ಜಿ. ತಡೆದರೆ ಉಲ್ಟಾ ತಿರುಗುತ್ತದೆ. ದಾರ ಸುತ್ತುವ ಕೆಲಸಕ್ಕೆ ಇದು ಬೇಡವೇ ಬೇಡ. 21 ವೋಲ್ಟಿನವೂ ಇವೆ, 120ರವೂ ಇವೆ, ಚೀಟಿ ಓದಿಯೇ ಕೊಳ್ಳಿ. ಮೋಟರಿಗಾಗಿ ಹಳೆಯ ಒಲೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಪ್ರಾಣ ತೆಗೆಯುವಷ್ಟು ವಿದ್ಯುತ್ ಹಿಡಿದಿಟ್ಟಿರಬಹುದು.

ಮಿಕ್ಕ ಬಹುತೇಕ ಕೆಲಸಕ್ಕೆ ಕಾರಿನ ವೈಪರ್ ಮೋಟರಿಗೆ ಸಾಟಿ ಇನ್ನೊಂದಿಲ್ಲ. ಗುಜರಿಯಲ್ಲಿ ಸಿಗುತ್ತದೆ, ಮಳೆಚಳಿಗೆ ಒಗ್ಗಿದ ಜಾತಿ. ಒಳಗೆ ವರ್ಮ್ ಗೇರ್ (ಸ್ಕ್ರೂ ತಿರುಗಿಸುವ ಹಲ್ಲುಗಾಲಿ, ಗಾಲಿಯಿಂದ ಸ್ಕ್ರೂ ತಿರುಗದು) ಇರುವುದರಿಂದ ಕರೆಂಟ್ ಹೋದರೂ ಎತ್ತಿದ ಕೈ ಧೊಪ್ಪನೆ ಬೀಳುವುದಿಲ್ಲ. 12 ವೋಲ್ಟಿಗೆ, ಕಡಿಮೆ ವೇಗದ ತಂತಿಯಲ್ಲಿ, ನಿಮಿಷಕ್ಕೆ ಸುಮಾರು 40–50 ಸುತ್ತು. 5 ವೋಲ್ಟಿಗೆ ಇಳಿಸಿದರೆ 20ರೊಳಗೆ ಬರುತ್ತದೆ. ದೆವ್ವದ ನಡೆಗೆ ಹೇಳಿ ಮಾಡಿಸಿದ ವೇಗ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ ಎರಡನ್ನೂ ಕೊಡುತ್ತದೆ: ಮದರ್‌ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗಿನ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಚಾಲೂ, ಕೆಂಪು 5 ವೋಲ್ಟ್, ಹಳದಿ 12, ಕಪ್ಪು ಮೈನಸ್.

ಮೋಟರಿನಿಂದ ನಾಲ್ಕೈದು ತಂತಿ ಹೊರಟಿರುತ್ತವೆ. ಅನೇಕ ಮೋಟರುಗಳಲ್ಲಿ ಮೈಯೇ ಮೈನಸ್. ಮೈನಸನ್ನು ಅಲ್ಲಿಗೆ ಕೊಟ್ಟು, 5 ಆಂಪಿಯರ್ ಫ್ಯೂಸ್ ದಾಟಿಸಿದ 5 ವೋಲ್ಟನ್ನು ಒಂದೊಂದೇ ತಂತಿಗೆ ಮುಟ್ಟಿಸಿ ನೋಡಿ. ನಿಧಾನವಾಗಿ ತಿರುಗಿಸುವ ತಂತಿ ಸಿಕ್ಕಿದ ಮೇಲೆ ಉಳಿದವಕ್ಕೆ ಟೇಪು ಸುತ್ತಿಬಿಡಿ. ಕಿಡಿ ಹಾರಿ ಫ್ಯೂಸ್ ಹೋದರೆ ಅದು ಬಹುಶಃ ವೈಪರನ್ನು ಕೆಳಗೆ ತಂದು ನಿಲ್ಲಿಸುವ ಪಾರ್ಕಿಂಗ್ ತಂತಿ. ಮೈಯೇ ಮೈನಸ್ ಆಗಿರುವ ಎರಡು ಮೋಟರುಗಳನ್ನು ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಒಂದರ ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಶಾರ್ಟ್ ಆಗುತ್ತದೆ. ಪ್ಲೈವುಡ್ ಮೇಲೆ ಕೂರಿಸುವುದು ಕ್ಷೇಮ.

ತಲೆ ಅತ್ತಿತ್ತ ಆಡಬೇಕಾದರೆ ಮೋಟರಿನ ಶಾಫ್ಟಿಗೆ 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಿಂದ 4 ಸೆಂ.ಮೀ. ಕ್ರ್ಯಾಂಕ್ (ಶಾಫ್ಟಿನ ಜೊತೆ ಸುತ್ತುವ ಗಿಡ್ಡ ತೋಳು) ಹಾಕಿ, ಕತ್ತಿನ ಕಡೆಯ ತೋಳು 12 ಸೆಂ.ಮೀ. ಇರಲಿ, ಎರಡರ ತುದಿಗಳನ್ನೂ ಒಂದು ಸರಳಿನಿಂದ ಜೋಡಿಸಿ. ತಲೆ ಒಟ್ಟು ಸುಮಾರು 40 ಡಿಗ್ರಿ ತೂಗುತ್ತದೆ. ಕ್ರ್ಯಾಂಕ್ ಆ ತೋಳಿಗಿಂತ ಉದ್ದವಾದರೆ ಅರ್ಧ ಸುತ್ತಿಗೇ ಸಿಕ್ಕಿಬಿದ್ದು ಫ್ಯೂಸ್ ಹಾರುತ್ತದೆ. ಕೀಲುಗಳ ಬೋಲ್ಟನ್ನು ಬಿಗಿದು ಕಟ್ಟಬೇಡಿ. ವಾಷರ್ ಕೊಟ್ಟು, ಎರಡು ನಟ್ಟುಗಳನ್ನು ಒಂದರ ಮೇಲೊಂದು ಬಿಗಿದುಕೊಳ್ಳುವಂತೆ ಹಾಕಿದರೆ ಕೀಲು ಆಡುತ್ತದೆ, ನಟ್ಟು ಕಳಚುವುದಿಲ್ಲ. ರಾತ್ರಿ ನಡುವೆ ಗೊಂಬೆ ನಿಂತರೆ ಮೊದಲು ನೋಡಬೇಕಾದದ್ದು ಶಾಫ್ಟಿನ ನಟ್ಟು. ಮೋಟರು ಸುಡುವುದು ಅಪರೂಪ. ಕ್ರ್ಯಾಂಕಿನ ಸುತ್ತ ಮಕ್ಕಳ ಬೆರಳು, ದೆವ್ವದ ಬಟ್ಟೆಯ ಅಂಚು ಎರಡೂ ಹೋಗದಂತೆ ತಗಡಿನ ಮರೆ ಬೇಕೇ ಬೇಕು.

ಊರಿನಲ್ಲಿ ಗಣೇಶನ ಪೆಂಡಾಲಿಗೆ ಸೊಂಡಿಲಾಡಿಸುವ ಆನೆ ಮಾಡುವವರಿಗೂ ಇದೇ ಲೆಕ್ಕ ನಡೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವೈಪರ್ ಮೋಟರು, ಎಸ್.ಪಿ. ರಸ್ತೆಯಲ್ಲಿ ಪವರ್ ಸಪ್ಲೈ ವಿಚಾರಿಸಿ. ಅಮೆರಿಕದಿಂದ ಯಾರಾದರೂ 120 ವೋಲ್ಟಿನ ಮೋಟರು ತಂದುಕೊಟ್ಟರೆ ಅದನ್ನು ನೇರ 230ಕ್ಕೆ ಚುಚ್ಚಬೇಡಿ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಮೈಕ್ರೋವೇವ್ ಮೋಟರು ನಮ್ಮ 50 ಹರ್ಟ್ಜಿಗೆ 3ರ ಬದಲು 2.5 ಸುತ್ತೇ ತಿರುಗುವುದು.